ಕೆಟ್ಟ ಡಿಸ್ಕುಗಳ ಪಡಿಯಚ್ಚು

ನಾಲ್ಕು ಹಾರ್ಡ್ ಡಿಸ್ಕುಗಳನ್ನು ಒಂದು ಪೆಟ್ಟಿಗೆಯಲ್ಲಿ ಸಾಲಾಗಿ ಕೂರಿಸಿ, ಅವಕ್ಕೊಂದು ಪುಟ್ಟ ಕಂಪ್ಯೂಟರ್ ಜೋಡಿಸಿ, ಕಚೇರಿಯ ಎಲ್ಲರೂ ಬಳಸುವಂತೆ ನೆಟ್‌ವರ್ಕಿಗೆ ಸಿಕ್ಕಿಸಿದರೆ ಅದೇ ನಾಸ್, ಅಂದರೆ ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್. ಹೊಸಪೇಟೆಯ ಫೋಟೊ ಸ್ಟುಡಿಯೋದ ಮದುವೆ ಆಲ್ಬಮ್ಮುಗಳು, ಕಂಪ್ಲಿಯ ಅಕ್ಕಿ ಗಿರಣಿಯ ಲೆಕ್ಕ, ಸಂಡೂರಿನ ಅದಿರು ಸಾಗಣೆಯ ಬಿಲ್ಲುಗಳು, ವಡ್ಡು–ತೋರಣಗಲ್ಲು ಸುತ್ತಲಿನ ಗುತ್ತಿಗೆದಾರರ ನಕ್ಷೆಗಳು, ಹಂಪಿಯ ಸ್ಮಾರಕಗಳನ್ನು ಅಳೆದು ತೆಗೆದ ಚಿತ್ರಗಳು: ಒಂದು ಕಂಪ್ಯೂಟರಿನಲ್ಲಿ ಹಿಡಿಸದ ಇಂಥ ಸರಕಿಗೆಂದೇ ಈ ಪೆಟ್ಟಿಗೆ ಹುಟ್ಟಿದೆ. ಅದರೊಳಗಿನ ಒಂದು ಡಿಸ್ಕ್ ಸತ್ತರೂ ಕೆಲಸ ನಿಲ್ಲುವುದಿಲ್ಲ ಎಂಬುದು ಅದರ ಹೆಗ್ಗಳಿಕೆ. ಸಾಮಾನ್ಯವಾಗಿ ಎರಡು ಸತ್ತಾಗ ಮಾತ್ರ ಪೆಟ್ಟಿಗೆ ಬಾಯಿ ಮುಚ್ಚುತ್ತದೆ. ಆಮೇಲೆ ಡೇಟಾ ಮರಳುವುದೋ ಇಲ್ಲವೋ ಎಂಬುದನ್ನು ಬಹುಪಾಲು ನಿರ್ಧರಿಸುವುದು ಮೊದಲ ಒಂದೆರಡು ಗಂಟೆಗಳಲ್ಲಿ ಮನುಷ್ಯರು ಏನು ಮಾಡಿದರು ಎಂಬುದು.

ಹಲವು ಡಿಸ್ಕುಗಳನ್ನು ಒಂದಾಗಿ ದುಡಿಸುವ ಈ ಏರ್ಪಾಡಿನ ಹೆಸರು ರೇಡ್. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 1988ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಆ ಹೆಸರು ನೆಲೆಯೂರಿತು. ಭಾರಿ ಬೆಲೆಯ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಸಣ್ಣ ಡಿಸ್ಕುಗಳ ಗುಂಪು ಸಾಕು, ಆದರೆ ಗುಂಪು ದೊಡ್ಡದಾದಷ್ಟೂ ಅದರಲ್ಲಿ ಒಂದಾದರೂ ಕೆಡುವ ಸಾಧ್ಯತೆ ಹೆಚ್ಚುವುದರಿಂದ ನಷ್ಟ ತುಂಬಿಕೊಡುವ ಹೆಚ್ಚುವರಿ ಮಾಹಿತಿಯನ್ನೂ ಜೊತೆಗಿಡಬೇಕು ಎಂಬುದು ಅವರ ವಾದ. ಆ ಹೆಚ್ಚುವರಿ ಮಾಹಿತಿಗೆ ಪ್ಯಾರಿಟಿ ಎನ್ನುತ್ತಾರೆ.

ಪ್ಯಾರಿಟಿಯ ಗುಟ್ಟು ಅಂಗಡಿಯ ಲೆಕ್ಕದ ಪುಸ್ತಕ ಬಲ್ಲವರಿಗೆ ಹೊಸದಲ್ಲ. ಮೂರು ದಿನ ಮಾರಿದ ಅಕ್ಕಿ ಚೀಲಗಳು 40, 25, 35. ಕೆಳಗೆ ಒಟ್ಟು 100 ಎಂದು ಬರೆದಿದೆ. ನೀರು ಬಿದ್ದು ನಡುವಿನ ಸಂಖ್ಯೆ ಅಳಿಸಿಹೋಯಿತು ಎನ್ನಿ. ನೂರರಲ್ಲಿ ನಲವತ್ತು, ಮೂವತ್ತೈದು ಕಳೆದರೆ ಕಳೆದುಹೋದ ಇಪ್ಪತ್ತೈದು ಎದ್ದು ಬರುತ್ತದೆ. ಕಂಪ್ಯೂಟರ್ ಇದನ್ನೇ ಕೂಡುವ ಬದಲು ‘ಎಕ್ಸ್‌ಆರ್’ ಎಂಬ ಕ್ರಿಯೆಯಿಂದ ಮಾಡುತ್ತದೆ. ಒಂದೇ ಸ್ಥಾನದ ಬಿಟ್ಟುಗಳಲ್ಲಿ 1ರ ಎಣಿಕೆ ಬೆಸವಾದರೆ ಉತ್ತರ 1, ಸಮವಾದರೆ 0. ಮೂರು ಡಿಸ್ಕುಗಳಲ್ಲಿ 1011, 0110, 1100 ಇದ್ದರೆ ನಾಲ್ಕನೆಯದರಲ್ಲಿ 0001 ಬರೆಯಲಾಗುತ್ತದೆ. ಎರಡನೆಯ ಡಿಸ್ಕ್ ಹೋದರೆ ಉಳಿದ ಮೂರನ್ನು ಮತ್ತೆ ಎಕ್ಸ್‌ಆರ್ ಮಾಡಿದರಾಯಿತು, 0110 ಮರಳುತ್ತದೆ. ಯಾವುದು ಹೋದರೂ ಲೆಕ್ಕ ಒಂದೇ. ಆದರೆ ಎರಡು ಸಂಖ್ಯೆ ಒಟ್ಟಿಗೆ ಅಳಿಸಿದರೆ ಒಟ್ಟು ಮೊತ್ತ ಗೊತ್ತಿದ್ದೂ ಪ್ರಯೋಜನವಿಲ್ಲ.

ಮೊದಲಿಗೆ ಪ್ಯಾರಿಟಿಗೆಂದೇ ಒಂದು ಡಿಸ್ಕನ್ನು ಮೀಸಲಿಡುವ ಪದ್ಧತಿ ಇತ್ತು. ಪ್ರತಿ ಬರವಣಿಗೆಗೂ ಆ ಒಂದೇ ಡಿಸ್ಕ್ ದುಡಿಯಬೇಕಾಗುತ್ತಿತ್ತು. ರೇಡ್ 5ರಲ್ಲಿ ಆ ಹೊರೆಯನ್ನು ಎಲ್ಲಕ್ಕೂ ಹಂಚಲಾಗಿದೆ. ಡೇಟಾವನ್ನು 64 ಕಿಲೊಬೈಟ್ ಅಥವಾ 512 ಕಿಲೊಬೈಟಿನಂಥ ತುಂಡುಗಳಾಗಿ ಕತ್ತರಿಸಿ, ಡಿಸ್ಕುಗಳ ಮೇಲೆ ಅಡ್ಡಸಾಲುಗಳಲ್ಲಿ ಹರಡಿ, ಪ್ಯಾರಿಟಿಯ ತುಂಡನ್ನು ಸಾಲಿನಿಂದ ಸಾಲಿಗೆ ಒಂದೊಂದು ಡಿಸ್ಕಿಗೆ ಸರಿಸುತ್ತ ಹೋಗುತ್ತಾರೆ. ನಾಲ್ಕು ಟೆರಾಬೈಟಿನ ನಾಲ್ಕು ಡಿಸ್ಕ್ ಹಾಕಿದರೆ ಬಳಕೆಗೆ ಸಿಗುವುದು ಹನ್ನೆರಡು ಟೆರಾಬೈಟ್. ರೇಡ್ 1 ಬರೀ ಜೋಡಿ ನಕಲು. ರೇಡ್ 6 ಎರಡು ಬಗೆಯ ಲೆಕ್ಕವಿಟ್ಟು ಎರಡು ಡಿಸ್ಕುಗಳ ಸಾವನ್ನೂ ತಾಳುತ್ತದೆ. ರೇಡ್ 0 ಎಂಬುದರಲ್ಲಿ ಪ್ಯಾರಿಟಿಯೇ ಇಲ್ಲ. ವೇಗಕ್ಕಾಗಿ ಅದನ್ನು ಆರಿಸಿಕೊಂಡವರು ಒಂದು ಡಿಸ್ಕ್ ಹೋದ ಕೂಡಲೇ ಎಲ್ಲವನ್ನೂ ಕಳೆದುಕೊಳ್ಳುತ್ತಾರೆ.

ಡೇಟಾವನ್ನು ಹೀಗೆ ಕತ್ತರಿಸುವುದರಿಂದ ಒಂದು ಮುಖ್ಯ ಪರಿಣಾಮ ಉಂಟಾಗುತ್ತದೆ. ರೇಡ್ 5ರ ಒಂದು ಡಿಸ್ಕನ್ನು ಮಾತ್ರ ಕಿತ್ತು ಬೇರೆ ಕಂಪ್ಯೂಟರಿಗೆ ಹಾಕಿದರೆ ಅಲ್ಲಿ ಒಂದೂ ಪೂರ್ಣ ಚಿತ್ರ ಕಾಣದು. ಐದು ಮೆಗಾಬೈಟಿನ ಒಂದು ಫೋಟೊ 64 ಕಿಲೊಬೈಟಿನ ಎಂಬತ್ತು ತುಂಡುಗಳಾಗಿ ಎಲ್ಲ ಡಿಸ್ಕುಗಳಲ್ಲೂ ಚದುರಿರುತ್ತದೆ. ವಿಂಡೋಸ್ ಆ ಡಿಸ್ಕನ್ನು ಕಂಡು ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಅದಕ್ಕೆ ‘ಹೌದು’ ಎಂದು ಒತ್ತುವುದು ಈ ವಿಷಯದಲ್ಲಿ ಹೇಳಬಹುದಾದ ತಪ್ಪುಗಳಲ್ಲೆಲ್ಲ ದೊಡ್ಡದು.

ಎರಡು ಡಿಸ್ಕುಗಳು ಒಂದೇ ಕ್ಷಣ ಕೆಡುವುದು ಅಪರೂಪ. ಸಾಮಾನ್ಯವಾಗಿ ನಡೆಯುವುದು ಬೇರೆ. ಒಂದು ಡಿಸ್ಕ್ ತಿಂಗಳುಗಳ ಹಿಂದೆಯೇ ಗುಂಪಿನಿಂದ ಹೊರಬಿದ್ದಿರುತ್ತದೆ. ಪೆಟ್ಟಿಗೆಯ ಮೇಲೆ ಕೆಂಪು ದೀಪ ಉರಿದಿರುತ್ತದೆ, ಮೇಜಿನ ಕೆಳಗೋ ಅಟ್ಟದ ಮೇಲೋ ಇರುವ ಪೆಟ್ಟಿಗೆಯ ದೀಪವನ್ನು ಯಾರೂ ನೋಡಿರುವುದಿಲ್ಲ. ಕಡತಗಳು ತೆರೆಯುತ್ತಿದ್ದವಲ್ಲ! ಆಮೇಲೆ ಎರಡನೆಯದು ಕೆಡುತ್ತದೆ. ಅಥವಾ ಮೊದಲನೆಯದರ ಜಾಗಕ್ಕೆ ಹೊಸ ಡಿಸ್ಕ್ ಹಾಕಿ ಮರುನಿರ್ಮಾಣ ಶುರು ಮಾಡಿದಾಗ ಕೆಡುತ್ತದೆ. ಮರುನಿರ್ಮಾಣಕ್ಕೆ ಉಳಿದ ಡಿಸ್ಕುಗಳ ಪ್ರತಿ ಸೆಕ್ಟರನ್ನೂ, ಅಂದರೆ ಪ್ರತಿ ಪುಟ್ಟ ಭಾಗವನ್ನೂ, ಮೊದಲಿನಿಂದ ಕೊನೆಯವರೆಗೆ ಓದಬೇಕು. ವರ್ಷಗಟ್ಟಲೆ ಯಾರೂ ಮುಟ್ಟದ ಹಳೆಯ ಕಡತಗಳ ಅಡಿಯಲ್ಲಿ ಅಡಗಿದ್ದ ಕೆಟ್ಟ ಸೆಕ್ಟರುಗಳು ಆಗ ಒಮ್ಮೆಲೇ ಹೊರಬರುತ್ತವೆ. ಸಾಮಾನ್ಯ ಡಿಸ್ಕುಗಳ ತಯಾರಕರು 1ರ ಮುಂದೆ 14 ಸೊನ್ನೆಯಷ್ಟು ಬಿಟ್ಟುಗಳನ್ನು ಓದುವಾಗ ಒಂದಕ್ಕಿಂತ ಹೆಚ್ಚು ಓದಲಾಗದ ತಪ್ಪು ಬಾರದು ಎಂಬ ಮಿತಿ ಬರೆದಿರುತ್ತಾರೆ. ಅದು ಸುಮಾರು 12.5 ಟೆರಾಬೈಟ್. ನಿಜ ಬಳಕೆಯಲ್ಲಿ ಡಿಸ್ಕುಗಳು ಈ ಮಿತಿಗಿಂತ ಚೆನ್ನಾಗಿಯೇ ನಡೆಯುತ್ತವೆ, ಆದರೂ ಹನ್ನೆರಡು ಟೆರಾಬೈಟ್ ಓದುವ ಮರುನಿರ್ಮಾಣ ನಿರಾಳವಾಗಿ ಮಾಡುವ ಕೆಲಸವಲ್ಲ.

ನಾಲ್ಕೂ ಡಿಸ್ಕುಗಳನ್ನು ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡಿದ್ದರೆ ಅವು ಒಂದೇ ತಯಾರಿಕೆಯ ಕಂತಿನವಾಗಿರಬಹುದು. ಒಂದೇ ಬಿಸಿಲು, ಒಂದೇ ದೂಳು, ಒಂದೇ ಕರೆಂಟಿನ ಏರಿಳಿತ ಉಂಡು ಒಟ್ಟಿಗೆ ಮುಪ್ಪಾಗುತ್ತವೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಹೊಸಪೇಟೆ–ಸಂಡೂರು ಸೀಮೆಯಲ್ಲಿ ಮುಚ್ಚಿದ ಕೋಣೆಯ ಪೆಟ್ಟಿಗೆಯೊಳಗೆ ಬಿಸಿ ಇನ್ನೂ ಹೆಚ್ಚು. ಅದಿರಿನ ಕೆಂಪು ದೂಳು ಡಿಸ್ಕಿನ ಒಳಗೆ ಹೋಗುವುದಿಲ್ಲ. ಅಲ್ಲಿನ ಗಾಳಿದಾರಿಗೆ ಸೂಕ್ಷ್ಮ ಸೋಸುಕವಿದೆ. ಆದರೆ ಪೆಟ್ಟಿಗೆಯ ಫ್ಯಾನಿಗೆ, ಜಾಲರಿಗೆ ಅದು ಮೆತ್ತಿಕೊಂಡು ಗಾಳಿಯನ್ನು ಕಟ್ಟಿಹಾಕುತ್ತದೆ. ಇನ್ನು ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಡೇಟಾದ ತುಂಡು ಹೊಸದು, ಪ್ಯಾರಿಟಿಯ ತುಂಡು ಹಳೆಯದು ಆಗಿ ಲೆಕ್ಕ ತಾಳೆಯಾಗದೆ ಉಳಿಯುತ್ತದೆ. ಆ ಸಾಲಿನಲ್ಲಿ ಮುಂದೊಂದು ದಿನ ಡಿಸ್ಕ್ ಹೋದಾಗ ಲೆಕ್ಕ ಹಾಕಿ ತೆಗೆದ ಉತ್ತರ ತಪ್ಪಾಗಿರುತ್ತದೆ. ನಾಸ್ ಪೆಟ್ಟಿಗೆಗೆ ಯುಪಿಎಸ್ ಬೇಕೇ ಬೇಕು ಎನ್ನುವುದು ಇದಕ್ಕಾಗಿ.

ಪೆಟ್ಟಿಗೆ ನಿಂತಾಗ ಮಾಡಬೇಕಾದ ಮೊದಲ ಕೆಲಸ ಅದರ ಮೇಲಿನ ಹೊರೆ ಇಳಿಸುವುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಮೊದಲು ಉಳಿದ ಗೇಟುಗಳನ್ನು ತೆರೆದು ಅಣೆಕಟ್ಟಿನ ಮೇಲಿನ ಒತ್ತಡ ಇಳಿಸಿದರು. ಹೋದ ಗೇಟಿನ ಜಾಗಕ್ಕೆ ತಾತ್ಕಾಲಿಕ ತಡೆಪಲಕಗಳನ್ನು ಇಳಿಸಿದ್ದು ಆಮೇಲೆ. ನಾಸ್ ವಿಷಯದಲ್ಲೂ ಕ್ರಮ ಅದೇ. ಪೆಟ್ಟಿಗೆಯನ್ನು ಆರಿಸಬೇಕು. ಮತ್ತೆ ಮತ್ತೆ ಹಚ್ಚಿ ನೋಡಬಾರದು. ‘ರಿಪೇರ್’, ‘ಇನಿಶಿಯಲೈಸ್’, ‘ಹೊಸ ಗುಂಪು ರಚಿಸು’ ಎಂಬ ಯಾವ ಗುಂಡಿಯನ್ನೂ ಒತ್ತಬಾರದು. ಡಿಸ್ಕುಗಳನ್ನು ಹೊರತೆಗೆಯುವ ಮುನ್ನ ಪ್ರತಿಯೊಂದರ ಮೇಲೂ ಅದು ಕೂತಿದ್ದ ಗೂಡಿನ ಸಂಖ್ಯೆಯನ್ನು ಬರೆದು, ಕ್ರಮಸಂಖ್ಯೆ ಕಾಣುವಂತೆ ಫೋಟೊ ತೆಗೆದಿಡಬೇಕು. ಹಳೆಯ ಮಂಟಪ ಬಿಚ್ಚಿ ಮತ್ತೆ ಕಟ್ಟುವವರು ಕಲ್ಲು ಇಳಿಸುವ ಮೊದಲೇ ಕಲ್ಲಿನ ಮೇಲೆ ಸಂಖ್ಯೆ ಬರೆಯುತ್ತಾರೆ. ಇಳಿಸಿದ ಮೇಲೆ ಬರೆದ ಸಂಖ್ಯೆಗೆ ಅರ್ಥವಿಲ್ಲ.

ಮುಂದಿನ ಹೆಜ್ಜೆಯೇ ಡೇಟಾ ಮರಳಿ ಪಡೆಯುವ ವಿದ್ಯೆಯ ತಿರುಳು. ಅದನ್ನು ಅರಿಯಲು ಹಂಪಿಯ ಶಾಸನ ಓದುವವರ ಪದ್ಧತಿ ನೋಡಿದರೆ ಸಾಕು. ಶಾಸನತಜ್ಞರು ಬಿಸಿಲಲ್ಲಿ ನಿಂತು ಕಲ್ಲನ್ನೇ ಕೆರೆದು ಕೆರೆದು ಓದುವುದಿಲ್ಲ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು ಅಕ್ಷರಗಳ ತಗ್ಗಿಗೆ ಕಾಗದವನ್ನು ಕೂರಿಸಿ, ಮೇಲೆ ಮಸಿ ಒತ್ತುತ್ತಾರೆ. ಅಕ್ಷರಗಳು ಬಿಳಿಯಾಗಿ, ಕಲ್ಲಿನ ಮೈ ಕಪ್ಪಾಗಿ ಮೂಡುತ್ತದೆ. ಅದು ಪಡಿಯಚ್ಚು. ಓದು, ಊಹೆ, ತಿದ್ದುಪಡಿ, ಜಗಳ ಎಲ್ಲವೂ ಆ ಕಾಗದದ ಮೇಲೆ ನಡೆಯುತ್ತವೆ. ಕಲ್ಲಿಗೆ ಯಾವ ನೋವೂ ಇಲ್ಲ. ಕೆಟ್ಟ ಡಿಸ್ಕಿಗೂ ಹೀಗೆ ಪಡಿಯಚ್ಚು ತೆಗೆಯಬೇಕು. ಅದರ ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ, ಖಾಲಿ ಎಂದು ಕಾಣುವ ಜಾಗವನ್ನೂ ಬಿಡದೆ, ಆರೋಗ್ಯವಾಗಿರುವ ಇನ್ನೊಂದು ಡಿಸ್ಕಿಗೆ ಬಿಟ್ಟಿಗೆ ಬಿಟ್ಟು ನಕಲು ಮಾಡಬೇಕು. ಗುಂಪಿನಲ್ಲಿ ಕೆಟ್ಟಿಲ್ಲ ಎಂದು ತೋರುವ ಡಿಸ್ಕುಗಳಿಗೂ ಇದೇ ನಿಯಮ.

ಇದಕ್ಕೆ ಬಳಸುವ ಉಚಿತ ಸಾಧನಗಳಲ್ಲಿ ಹೆಸರಾದದ್ದು ಆಂಟೋನಿಯೊ ಡಿಯಾಜ್ ಡಿಯಾಜ್ ಬರೆದ ಗ್ನೂ ಡಿಡಿರೆಸ್ಕ್ಯೂ. ಸಾಮಾನ್ಯ ನಕಲು ತಂತ್ರಾಂಶ ಓದಲಾಗದ ಜಾಗ ಸಿಕ್ಕಿದರೆ ಅಲ್ಲೇ ಹಟ ಹಿಡಿದು ನಿಲ್ಲುತ್ತದೆ, ಸಾಯುತ್ತಿರುವ ಡಿಸ್ಕಿನ ಕೊನೆಯ ಉಸಿರನ್ನು ಅದೊಂದೇ ಜಾಗದಲ್ಲಿ ಮುಗಿಸುತ್ತದೆ. ಡಿಡಿರೆಸ್ಕ್ಯೂ ಮೊದಲ ಸುತ್ತಿನಲ್ಲಿ ಸುಲಭವಾಗಿ ಸಿಗುವುದನ್ನೆಲ್ಲ ಬಾಚಿಕೊಂಡು, ಕಷ್ಟದ ಜಾಗಗಳನ್ನು ಹಾರಿ, ಅವುಗಳ ಗುರುತನ್ನು ಒಂದು ನಕ್ಷೆ ಕಡತದಲ್ಲಿ ಬರೆದಿಡುತ್ತದೆ. ಆ ಮೇಲೆ ಒಂದೊಂದಾಗಿ ಅಲ್ಲಿಗೆ ಮರಳಿ, ಸಣ್ಣ ಸಣ್ಣ ಭಾಗವಾಗಿ ಪ್ರಯತ್ನಿಸುತ್ತದೆ. ನಡುವೆ ಕರೆಂಟ್ ಹೋದರೂ ನಕ್ಷೆ ನೋಡಿ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಸೆಕೆಂಡಿಗೆ 150 ಮೆಗಾಬೈಟ್ ಓದುವ ಆರೋಗ್ಯವಂತ ಡಿಸ್ಕಿನ ನಾಲ್ಕು ಟೆರಾಬೈಟ್ ನಕಲಿಗೆ ಏಳೂವರೆ ಗಂಟೆ ಹಿಡಿದರೆ, ಬಳಲಿದ ಡಿಸ್ಕಿಗೆ ದಿನಗಳೇ ಬೇಕಾಗಬಹುದು. ಈ ಕಾಯುವಿಕೆಯನ್ನು ತಾಳಲಾರದೆ ನೇರವಾಗಿ ಮೂಲ ಡಿಸ್ಕುಗಳ ಮೇಲೆಯೇ ಪ್ರಯೋಗ ಮಾಡಿದವರು ಕಳೆದುಕೊಂಡದ್ದೇ ಹೆಚ್ಚು.

ಟಕ್ ಟಕ್ ಎಂದು ಬಡಿಯುವ, ತಿರುಗದ, ಬಿದ್ದು ಏಟು ತಿಂದ ಡಿಸ್ಕಿಗೆ ಮನೆಯಲ್ಲಿ ಮದ್ದಿಲ್ಲ. ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಯ ಮೇಲೆ ಓದುವ ತಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ತಲೆಗೂದಲಿನ ದಪ್ಪ ಅದಕ್ಕಿಂತ ಹಲವು ಸಾವಿರ ಪಟ್ಟು. ಮೇಜಿನ ಮೇಲೆ ಡಿಸ್ಕಿನ ಮುಚ್ಚಳ ತೆಗೆದರೆ ಒಳಬೀಳುವ ಒಂದು ಕಣವೇ ತಟ್ಟೆಯನ್ನು ಗೀರಲು ಸಾಕು. ಅಂಥದ್ದನ್ನು ದೂಳು ಸೋಸಿದ ಕೋಣೆಯಲ್ಲಿ, ಅದೇ ಮಾದರಿಯ ಇನ್ನೊಂದು ಡಿಸ್ಕಿನ ತಲೆಗಳನ್ನು ಜೋಡಿಸಿ, ನಕಲಾಗುವಷ್ಟು ಹೊತ್ತು ಬದುಕಿಸುತ್ತಾರೆ. ಡಿಸ್ಕಿನ ಕೆಳಗಿನ ಹಸಿರು ಸರ್ಕ್ಯೂಟ್ ಹಲಗೆ ಸುಟ್ಟಿದ್ದರೆ ಅದೇ ಮಾದರಿಯ ಬೇರೆ ಹಲಗೆ ಕೂರಿಸುವುದು ಹಳೆಯ ಕಾಲದ ಉಪಾಯ. ಈಗ ಪ್ರತಿ ಹಲಗೆಯ ಚಿಪ್ಪಿನಲ್ಲೂ ಆಯಾ ಡಿಸ್ಕಿಗೆ ಮಾತ್ರ ಹೊಂದುವ ಅಳತೆಗಳಿರುವುದರಿಂದ ಆ ಚಿಪ್ಪನ್ನೂ ವರ್ಗಾಯಿಸಬೇಕು. ಎಣ್ಣೆ ಹಾಕುವುದು, ಫ್ರಿಜ್ಜಿನಲ್ಲಿಡುವುದು ಇವೆಲ್ಲ ಕೇಳಲೇಬಾರದ ಸಲಹೆಗಳು.

ಪಡಿಯಚ್ಚುಗಳು ಕೈಗೆ ಬಂದ ಮೇಲೆ ಅವುಗಳನ್ನು ಮತ್ತೆ ಗುಂಪಾಗಿ ಕಟ್ಟುವ ಕೆಲಸ. ಮಾರುಕಟ್ಟೆಯ ಹೆಚ್ಚಿನ ಸಣ್ಣ ನಾಸ್ ಪೆಟ್ಟಿಗೆಗಳ ಒಳಗೆ ಓಡುವುದು ಲಿನಕ್ಸ್, ಡಿಸ್ಕುಗಳನ್ನು ಒಗ್ಗೂಡಿಸುವುದು ಅದರ ‘ಎಂಡಿ’ ಎಂಬ ವ್ಯವಸ್ಥೆ. ಹಾಗಾಗಿ ಪೆಟ್ಟಿಗೆ ಪೂರ್ತಿ ಸುಟ್ಟಿದ್ದರೂ ಸಾಮಾನ್ಯ ಲಿನಕ್ಸ್ ಕಂಪ್ಯೂಟರ್ ಆ ಡಿಸ್ಕುಗಳನ್ನು ಓದಬಲ್ಲದು. ಪ್ರತಿ ಡಿಸ್ಕಿನ ಡೇಟಾ ವಿಭಾಗದಲ್ಲೂ ‘ಸೂಪರ್‌ಬ್ಲಾಕ್’ ಎಂಬ ಪುಟ್ಟ ದಾಖಲೆ ಇರುತ್ತದೆ. ಈ ಗುಂಪಿನ ಗುರುತು ಏನು, ಇದು ಎಷ್ಟನೆಯ ಡಿಸ್ಕ್, ತುಂಡಿನ ಗಾತ್ರ ಎಷ್ಟು, ಪ್ಯಾರಿಟಿ ಯಾವ ದಿಕ್ಕಿಗೆ ಸರಿಯುತ್ತದೆ ಎಂಬುದೆಲ್ಲ ಅದರಲ್ಲಿದೆ.

ಅದರಲ್ಲೇ ಇರುವ ಇನ್ನೊಂದು ಸಂಖ್ಯೆ ಎಲ್ಲಕ್ಕಿಂತ ಬೆಲೆಯುಳ್ಳದ್ದು: ಘಟನೆಗಳ ಎಣಿಕೆ. ಗುಂಪಿನ ಸ್ಥಿತಿ ಬದಲಾದಾಗಲೆಲ್ಲ ಈ ಎಣಿಕೆ ಏರುತ್ತದೆ, ಗುಂಪಿನಿಂದ ಹೊರಬಿದ್ದ ಡಿಸ್ಕಿನಲ್ಲಿ ಅಲ್ಲಿಗೇ ನಿಲ್ಲುತ್ತದೆ. ಶಾಸನದ ಶಕವರ್ಷದಂತೆ ಇದು ಆ ಡಿಸ್ಕ್ ಯಾವ ಕಾಲದ ಮಾತು ಆಡುತ್ತಿದೆ ಎಂದು ತಿಳಿಸುತ್ತದೆ. ಮೂರು ಡಿಸ್ಕುಗಳಲ್ಲಿ ಎಣಿಕೆ ಹತ್ತಿರ ಹತ್ತಿರವಿದ್ದು ಒಂದರಲ್ಲಿ ಮಾತ್ರ ಬಹಳ ಹಿಂದೆ ಉಳಿದಿದ್ದರೆ ಮೊದಲು ಹೊರಬಿದ್ದದ್ದು ಅದೇ. ಆ ಡಿಸ್ಕ್ ನೋಡಲು ಗಟ್ಟಿಮುಟ್ಟಾಗಿರಬಹುದು, ಒಂದು ಸಡಿಲ ಕೇಬಲ್ಲಿನಿಂದ ಹೊರಬಿದ್ದಿರಬಹುದು. ಆದರೂ ಅದನ್ನು ಸೇರಿಸಿಕೊಂಡರೆ ಹೊಸ ಕಡತಗಳ ನಡುವೆ ತಿಂಗಳುಗಳ ಹಿಂದಿನ ತುಂಡುಗಳು ನುಸುಳಿ ಎಲ್ಲವನ್ನೂ ಕಲಸಿಬಿಡುತ್ತವೆ. ಕೊನೆಯಲ್ಲಿ ಕೆಟ್ಟ ಡಿಸ್ಕ್ ಎಷ್ಟೇ ಜರ್ಜರಿತವಾಗಿದ್ದರೂ ಅದರ ಪಡಿಯಚ್ಚನ್ನೇ ಸೇರಿಸಿ, ಹಳೆಯದನ್ನು ಹೊರಗಿಡುವುದು ಸರಿಯಾದ ದಾರಿ. ಬಹಳಷ್ಟು ಮಂದಿ ತದ್ವಿರುದ್ಧ ಮಾಡುತ್ತಾರೆ.

ಜೋಡಿಸುವ ಆಜ್ಞೆಗಳಲ್ಲೂ ಎಚ್ಚರ ಬೇಕು. ‘ಅಸೆಂಬಲ್’ ಎಂಬುದು ಇರುವ ದಾಖಲೆಗಳನ್ನು ಓದಿ ಗುಂಪನ್ನು ಕಟ್ಟುತ್ತದೆ. ‘ಕ್ರಿಯೇಟ್’ ಎಂಬುದು ಹಳೆಯ ದಾಖಲೆಯ ಮೇಲೆ ಹೊಸದನ್ನು ಬರೆಯುತ್ತದೆ; ಜೊತೆಗೆ ಹೊಸ ಪ್ಯಾರಿಟಿ ಲೆಕ್ಕವೂ ಶುರುವಾದರೆ ಡೇಟಾವೇ ಹಾಳಾಗಬಹುದು. ಮೊದಲನೆಯದನ್ನು, ಅದೂ ಓದಲು ಮಾತ್ರ ಎಂಬ ಷರತ್ತಿನಲ್ಲಿ, ಪಡಿಯಚ್ಚುಗಳ ಮೇಲೆ ಮಾತ್ರ ಬಳಸಬೇಕು.

ಸೂಪರ್‌ಬ್ಲಾಕುಗಳೇ ಅಳಿಸಿಹೋಗಿದ್ದರೆ ಕ್ರಮವನ್ನು ಡೇಟಾದಿಂದಲೇ ಕಂಡುಹಿಡಿಯಬೇಕು. ನಾಲ್ಕು ಡಿಸ್ಕುಗಳನ್ನು 24 ಬಗೆಯಲ್ಲಿ ಸಾಲಾಗಿಸಬಹುದು. ಪ್ಯಾರಿಟಿ ಸರಿಯುವ ಪದ್ಧತಿಗಳು ಮುಖ್ಯವಾಗಿ ನಾಲ್ಕು. ತುಂಡಿನ ಗಾತ್ರ 32ರಿಂದ 1024 ಕಿಲೊಬೈಟಿನವರೆಗೆ ಇಮ್ಮಡಿಯಾಗುತ್ತ ಆರು. ಒಟ್ಟು 576 ಸಾಧ್ಯತೆ; ಕಂಪ್ಯೂಟರಿಗೆ ಇದು ದೊಡ್ಡ ಲೆಕ್ಕವಲ್ಲ. ಪರೀಕ್ಷೆಗೆ ಒಂದು ದೊಡ್ಡ ಫೋಟೊ ಸಾಕು. ವಿಠ್ಠಲ ದೇಗುಲದ ಕಲ್ಲಿನ ರಥದ ಚಿತ್ರದಲ್ಲಿ ಮೇಲಿನ ಭಾಗ ಸರಿಯಾಗಿ ಮೂಡಿ, ಗಾಲಿಯ ಹತ್ತಿರದಿಂದ ಬಣ್ಣ ಕದಡಿ ಬೂದು ಪಟ್ಟಿಗಳಾದರೆ ಕ್ರಮ ತಪ್ಪಿದೆ ಎಂದರ್ಥ. ತುಂಡಿಗಿಂತ ಸಣ್ಣ ಕಡತ ಯಾವ ಕ್ರಮದಲ್ಲೂ ಸರಿಯಾಗಿಯೇ ತೆರೆಯಬಹುದಾದ್ದರಿಂದ ಅದನ್ನು ನಂಬುವಂತಿಲ್ಲ. ಹಲವು ಅಡ್ಡಸಾಲುಗಳನ್ನು ದಾಟುವಷ್ಟು ದೊಡ್ಡ ಕಡತ ತುದಿಮೊದಲು ಸರಿಯಾಗಿ ತೆರೆದರೆ ಮಾತ್ರ ಜೋಡಣೆ ಗೆದ್ದಂತೆ.

ಕೊನೆಯಲ್ಲಿ ಕೆಟ್ಟ ಡಿಸ್ಕಿನ ಪಡಿಯಚ್ಚಿನಲ್ಲಿ ಓದಲಾಗದ ತೂತುಗಳು ಉಳಿದಿದ್ದರೂ ಎಲ್ಲ ಮುಗಿದಂತಲ್ಲ. ಹೊರಗಿಟ್ಟ ಹಳೆಯ ಡಿಸ್ಕ್ ಈಗ ನೆರವಿಗೆ ಬರುತ್ತದೆ. ಅದು ಹೊರಬಿದ್ದ ಮೇಲೆ ಬದಲಾಗದ ಸಾಲುಗಳಲ್ಲಿ ಅದರ ಮಾತು ಇನ್ನೂ ನಿಜ. ಅಂಥ ಸಾಲಿನಲ್ಲಿ ಹಳೆಯದನ್ನೂ ಉಳಿದ ಎರಡನ್ನೂ ಎಕ್ಸ್‌ಆರ್ ಮಾಡಿದರೆ ತೂತು ತುಂಬುತ್ತದೆ. ಬದಲಾಗಿದೆಯೇ ಎಂದು ತಿಳಿಯಲು ತೂತಿನ ಅಕ್ಕಪಕ್ಕದ ಸಾಲುಗಳಲ್ಲಿ ನಾಲ್ಕನ್ನೂ ಎಕ್ಸ್‌ಆರ್ ಮಾಡಿ ನೋಡುತ್ತಾರೆ. ಎಲ್ಲವೂ ಸೊನ್ನೆಯಾದರೆ ಆ ಪ್ರದೇಶ ಹಳೆಯದೇ ಎಂದು ಊಹಿಸಬಹುದು. ವರ್ಷಗಳ ಹಿಂದಿನ ಮದುವೆಯ ಫೋಟೊಗಳು, ಮುಗಿದುಹೋದ ಲೆಕ್ಕಗಳು ಹೀಗೆ ಪೂರ್ತಿ ಮರಳುವ ಸಂಭವ ಹೆಚ್ಚು. ಕಳೆದ ವಾರದ ಕೆಲಸಕ್ಕೇ ಅಪಾಯ.

ಗುಂಪು ಕಟ್ಟಿದ ಮೇಲೆ ಕಡತಗಳ ಪಟ್ಟಿಯನ್ನು ಓದುವುದು ಇನ್ನೊಂದು ಮಜಲು. ‘ಇಎಕ್ಸ್‌ಟಿ4’ ಬಗೆಯ ಕಡತವ್ಯವಸ್ಥೆ ತನ್ನ ಮುಖ್ಯ ದಾಖಲೆಯ ನಕಲುಗಳನ್ನು ಡಿಸ್ಕಿನ ಬೇರೆ ಬೇರೆ ಕಡೆ ಇಟ್ಟಿರುತ್ತದೆ, ಮೊದಲನೆಯದು ಕೆಟ್ಟರೆ ಅವುಗಳಿಂದ ಶುರು ಮಾಡಬಹುದು. ಪಟ್ಟಿಯೇ ಇಲ್ಲವಾದರೆ ಕಡತಗಳನ್ನು ಅವುಗಳ ಚಹರೆಯಿಂದ ಹುಡುಕುತ್ತಾರೆ. ‘ಸ್ವಸ್ತಿ ಶ್ರೀ’ ಎಂಬುದು ಕಂಡರೆ ಶಾಸನ ಶುರುವಾಯಿತು, ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತ ಕಂಡರೆ ವಿಜಯನಗರದ ಅರಸರ ಶಾಸನ ಮುಗಿಯಿತು ಎಂದು ಓದುಗರು ಗುರುತಿಸುವುದಿಲ್ಲವೇ, ಹಾಗೆಯೇ ಜೆಪೆಗ್ ಚಿತ್ರ ‘ಎಫ್‌ಎಫ್ ಡಿ8’ ಎಂಬ ಬೈಟುಗಳಿಂದ ಶುರುವಾಗಿ ‘ಎಫ್‌ಎಫ್ ಡಿ9’ರಲ್ಲಿ ಮುಗಿಯುತ್ತದೆ. ಕ್ರಿಸ್ಟೋಫ್ ಗ್ರೆನಿಯರ್ ಬರೆದ ಫೋಟೊರೆಕ್ ಇಂಥ ಚಹರೆಗಳನ್ನು ಹಿಡಿದು ಹುಡುಕುತ್ತದೆ. ಹೀಗೆ ಸಿಕ್ಕ ಕಡತಕ್ಕೆ ಹೆಸರಿರುವುದಿಲ್ಲ, ಫೋಲ್ಡರ್ ಇರುವುದಿಲ್ಲ, ಚೂರುಚೂರಾಗಿ ಬರೆದಿದ್ದ ವಿಡಿಯೊ ಸಾಮಾನ್ಯವಾಗಿ ದಕ್ಕುವುದಿಲ್ಲ.

ಕನ್ನಡದ ಡೇಟಾಕ್ಕೆ ಇಲ್ಲಿ ತನ್ನದೇ ಆದ ಎರಡು ವಿಚಾರಗಳಿವೆ. ಯೂನಿಕೋಡಿನಲ್ಲಿ ಬರೆದ ಕನ್ನಡದ ಪ್ರತಿ ಅಕ್ಷರಸಂಕೇತ ಯುಟಿಎಫ್-8 ರೂಪದಲ್ಲಿ ಮೂರು ಬೈಟ್ ಹಿಡಿಯುತ್ತದೆ, ಮೊದಲೆರಡು ಬೈಟುಗಳು ಸದಾ ‘ಇ0 ಬಿ2’ ಅಥವಾ ‘ಇ0 ಬಿ3’. ಹೆಸರಿಲ್ಲದ ಡಿಸ್ಕಿನ ಕಾಡಿನಲ್ಲಿ ಈ ಜೋಡಿ ಒತ್ತೊತ್ತಾಗಿ ಕಂಡಲ್ಲಿ ಕನ್ನಡ ಬರಹವಿದೆ ಎಂದು ಗೊತ್ತಾಗುತ್ತದೆ. ಎರಡನೆಯದು ಹಳೆಯ ಡಿಟಿಪಿ ಕಡತಗಳದು. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪುಸ್ತಕ, ಲಗ್ನಪತ್ರಿಕೆ, ಸ್ಮರಣಸಂಚಿಕೆಗಳನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಕನ್ನಡ ಬಾರದ ತಂತ್ರಜ್ಞ ಅದನ್ನು ಕೆಟ್ಟ ಕಡತವೆಂದು ಎಸೆಯಬಹುದು. ಅದು ಕೆಟ್ಟಿಲ್ಲ, ಫಾಂಟ್ ಹಾಕಿದರೆ ಅಕ್ಷರಗಳು ಎದ್ದು ನಿಲ್ಲುತ್ತವೆ. ಡಿಸ್ಕನ್ನು ಊರಾಚೆಯ ಪ್ರಯೋಗಾಲಯಕ್ಕೆ ಕಳಿಸುವಾಗ ಯಾವ ಫಾಂಟುಗಳನ್ನು ಬಳಸಲಾಗಿತ್ತು ಎಂದು ಚೀಟಿ ಬರೆದು ಜೊತೆಗಿಡಬೇಕು.

ಮರಳದ ಡೇಟಾ ಎಂಬುದೂ ಇದೆ. ಮೇಲೆ ಹೊಸದು ಬರೆದ ಜಾಗ, ಗೀರಿಹೋದ ತಟ್ಟೆ, ಕೀಲಿ ಕಳೆದ ಗೂಢಲಿಪಿಯ ಡಿಸ್ಕ್ ಇವುಗಳಿಂದ ಏನೂ ಸಿಗದು. ರೇಡ್ ಇದೆ ಎಂಬ ಕಾರಣಕ್ಕೆ ಬೇರೆ ನಕಲು ಇಡದಿರುವುದು ತಪ್ಪು. ಕೈತಪ್ಪಿ ಅಳಿಸಿದ ಕಡತವನ್ನು ರೇಡ್ ಅಷ್ಟೇ ನಿಷ್ಠೆಯಿಂದ ಎಲ್ಲ ಡಿಸ್ಕುಗಳಲ್ಲೂ ಅಳಿಸುತ್ತದೆ.

ಮರಳಿ ಪಡೆದ ಡೇಟಾವನ್ನು ಹೊಸ ಡಿಸ್ಕಿಗೆ ಹಾಕಬೇಕು, ಹಳೆಯ ಗುಂಪಿಗೆ ಎಂದೂ ಹಿಂತಿರುಗಿಸಬಾರದು. ಕಡತಗಳ ಎಣಿಕೆ ಸರಿಯಿದ್ದರೆ ಸಾಲದು. ಹೆಸರು, ಗಾತ್ರ ಸರಿಯಿದ್ದೂ ಒಳಗೆ ಬರೀ ಸೊನ್ನೆಗಳಿರಬಹುದು. ದೊಡ್ಡ ಚಿತ್ರಗಳನ್ನು ಪೂರ್ತಿ ತೆರೆದು, ವಿಡಿಯೊವನ್ನು ಕೊನೆಯವರೆಗೆ ಓಡಿಸಿ, ಲೆಕ್ಕದ ಕಡತದ ಇತ್ತೀಚಿನ ಪುಟ ನೋಡಬೇಕು. ನೋಡಬೇಕಾದವರು ಅವುಗಳ ಯಜಮಾನರೇ, ಏಕೆಂದರೆ ಏನಿತ್ತು ಎಂಬುದು ಅವರಿಗೆ ಮಾತ್ರ ಗೊತ್ತು. ಅವರು ನೋಡಿ ಸರಿ ಎನ್ನುವವರೆಗೆ ಕೆಟ್ಟ ಡಿಸ್ಕುಗಳನ್ನು, ಗೂಡಿನ ಸಂಖ್ಯೆ ಬರೆದ ಚೀಟಿಯ ಸಮೇತ, ಒಣ, ತಂಪು ಜಾಗದಲ್ಲಿ ಎತ್ತಿಡಿ.